ಉದ್ದ ದಾರದ ಚೀಲ

ಉಮರ್ಗಾ
ರವಿವಾರ, ೯ ನವೆಂಬರ್ ೨೦೨೫

ನನ್ನ ಮುದ್ದಿನ ಶಾಂಭವಿ,

ಹಾಗಲ್ಲವ್ವ, ನನ್ನ ಮೊಣಕಾಲು ತರಚಿದ್ದು ಬಚ್ಚಲಲ್ಲಿ ಜಾರಿ ಅಲ್ಲ, ಎಂದು ಹೇಳುವಷ್ಟರಲ್ಲಿ ನಿನ್ನೆ ನೀನು ಫೋನು ಇಟ್ಟುಬಿಟ್ಟೆ. ಉದಗೀರಿನ ಅತ್ತೆಮನೆಯಲ್ಲಿ ನಿನಗೂ ನೂರು ಕೆಲಸ. ಕಾಗದವಾದರೆ ನಡುವೆ ಬಾಯಿ ಹಾಕುವವರಿಲ್ಲ.

"ಅಪ್ಪಾ, ಅರವತ್ತೆಂಟಕ್ಕ ಯಾಕ ಬೇಕ್ರಿ ಇದೆಲ್ಲಾ?" ಎಂದು ಕೇಳಿದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ವಿಯೆಟ್ನಾಂ ಪ್ರವಾಸದ ಫಾರ್ಮಿನ ಕೊನೆಯ ಪುಟಕ್ಕೆ ಮನೆಯವರೊಬ್ಬರ ಸಹಿ ಬೇಕು. ನನಗೆ ಉಳಿದ ಮನೆಯವಳು ನೀನೊಬ್ಬಳೇ. ಜನವರಿಯಲ್ಲಿ ಹತ್ತು ಜನ, ಎಂಟು ದಿನ, ಸಮುದ್ರದ ದಂಡೆಗುಂಟ ಸೈಕಲ್ ಸವಾರಿ. ಹೆಸರು ಕಳಿಸುವುದು ಇಪ್ಪತ್ತನೇ ತಾರೀಖಿಗೆ. ಹತ್ತನೇ ಜಾಗ ನಿನ್ನ ಅವ್ವನದು. ನನ್ನ ಕಸ್ತೂರಬಾಯಿ ತೀರಿಹೋಗಿ ಎಂಟು ತಿಂಗಳಾದರೂ ಅವಳ ಸೈಕಲ್ ಗುಂಪಿನ ಮುಖಂಡ, ನಿಲಂಗಾದ ಡಾಕ್ಟರ್ ಭೀಮಾಶಂಕರ, ಅದನ್ನು ಯಾರಿಗೂ ಕೊಟ್ಟಿರಲಿಲ್ಲ. "ಕಾಕಾ, ನೀವು ಬರ್ತೀರೇನ್ರಿ? ಸೈಕಲ್ ಬರ್ತದಲ್ರಿ?" ಎಂದ. "ಆಫ್ ಕೋರ್ಸ್" ಎಂದುಬಿಟ್ಟೆ. ಕಾಲೇಜಿನ ಇಂಗ್ಲಿಷಿನಲ್ಲಿ ಪೂರ್ತಿ ನೆನಪಿರುವುದು ಇಂಥ ಎರಡು ಮೂರು ಮಾತು, ಎಲ್ಲವೂ ಆಪತ್ತು ತರುವಂಥವು.

ನನಗೆ ಸೈಕಲ್ ಬರುತ್ತಿರಲಿಲ್ಲ, ಶಾಂಭವಿ. ಕೂತು ಓದುತ್ತಿದ್ದೀಯ ತಾನೆ?

ಉದಗೀರಿನಿಂದ ದೇವಣಿಗೆ ಸೈಕಲ್ ಮೇಲೆ ಹೋದ ಕಥೆ ನೂರು ಸಲ ಕೇಳಿದ್ದೀಯ. ಹೋದದ್ದು ನಿಜ. ತುಳಿದವನು ಮಾತ್ರ ನನ್ನ ಗೆಳೆಯ ಜಗದೇವಪ್ಪ. ನಾನು ಹಿಂದೆ ಕ್ಯಾರಿಯರ್ ಮೇಲೆ, ತೊಡೆಯ ಮೇಲೆ ಅವನ ತಾಯಿಗೆಂದು ಕೊಂಡ ಬೆಲ್ಲ. ದಾರಿಗುಂಟ ದನಗಳು ಮೇಯುವುದು ಬಿಟ್ಟು ನಮ್ಮನ್ನೇ ನೋಡುತ್ತಿದ್ದವು. ಎಂಥ ಗಾಳಿ ಅದು! ಮದುವೆಯ ಹೊಸತರಲ್ಲಿ ಅದನ್ನು ನಿನ್ನ ಅವ್ವನಿಗೆ ಹೇಳುವಾಗ ಜಗದೇವಪ್ಪನನ್ನು ಹಿಂದೆ ಕೂರಿಸಿ ನಾನು ಮುಂದೆ ಬಂದುಬಿಟ್ಟೆ. ಆಮೇಲೆ ಇಳಿಯಲು ಆಗಲಿಲ್ಲ.

ನಿನ್ನ ಮದುವೆಯಾದ ವರ್ಷ ಅವಳು ಸೈಕಲ್ ಕಲಿಯುತ್ತೇನೆಂದಳು. ವಯಸ್ಸು ಐವತ್ತೊಂದು. ಕಾಳಿನ ಪೇಟೆಯ ಅಂಗಳ, ವ್ಯಾಪಾರಿಗಳು ಬರುವ ಮೊದಲಿನ ಹೊತ್ತು. ಕಚ್ಚೆ ಹಾಕಿ ಹತ್ತುತ್ತಿದ್ದಳು, ನಾನು ಕ್ಯಾರಿಯರ್ ಹಿಡಿದು ಓಡುತ್ತಿದ್ದೆ. "ಬಿಡಬ್ಯಾಡ್ರಿ! ಬಿಟ್ರ ನೋಡ್ರಿ ಮತ್ತ!" ಎಂದು ಕೂಗುವಾಗಲೇ ಒಂದು ದಿನ ಬಿಟ್ಟುಬಿಟ್ಟೆ. ತೊಗರಿ ಹೊಟ್ಟಿನ ಧೂಳು, ದೂರ ಹೋಗುತ್ತಿದ್ದ ಅವಳ ಬಳೆಯ ಸದ್ದು. ಒಂದು ಸುತ್ತು ಹಾಕಿ ಬಂದು "ಈಗ ನೀವು ಹತ್ರಿ" ಎಂದಳು. ಸೊಂಟ ನೋವು ಎಂದೆ. ಹದಿನೈದು ವರ್ಷ ಆ ಸೊಂಟ ನೋಯುತ್ತಲೇ ಇತ್ತು.

ದಸರೆಯ ಮರುದಿನ ಜಗದೇವಪ್ಪನನ್ನು ದೇವಣಿಯಿಂದ ಕರೆಸಿದೆ. ಈಗ ವಾರಕ್ಕೆರಡು ಸಲ ಬಸ್ಸು ಹತ್ತಿ ಬರುತ್ತಾನೆ. "ಐವತ್ತ ವರ್ಷ ಹಿಂದ ಕೂತಿ, ಇನ್ನರೆ ತುಳಿಯೋ!" ಎಂದು ಬೈಯುತ್ತ ಹಿಡಿದುಕೊಂಡ. ನಿನ್ನ ಅವ್ವನದೇ ಸೈಕಲ್, ಅದೇ ಅಂಗಳ. ನಾಲ್ಕನೇ ಪಾಠಕ್ಕೆ ಬ್ಯಾಲೆನ್ಸ್ ಸಿಕ್ಕಿತು. ಖುಷಿಯಲ್ಲಿ ಮುಂದಕ್ಕೆ ಬಗ್ಗಿದೆ ನೋಡು, ಕೊರಳಲ್ಲಿದ್ದ ಲಿಂಗದ ಕರಡಿಗೆ ಜೋತಾಡಿ, ಹ್ಯಾಂಡಲ್‌ಗೆ ಸಿಕ್ಕು ಶಿವದಾರ ಹರಿಯಿತು. ಲಿಂಗ ನೆಲಕ್ಕೆ ಬೀಳಬಾರದೆಂದು ತೊಟ್ಟಿಲಲ್ಲೇ ಕಲಿತವರು ನಾವು. ಎರಡೂ ಕೈ ಬಿಟ್ಟು ಕರಡಿಗೆ ಹಿಡಿದೆ. ಲಿಂಗ ಉಳಿಯಿತು, ನಾನು ಗಟಾರಿಗೆ ಬಿದ್ದೆ. ಕೈ ಯಾಕೆ ಬಿಟ್ಟೆ ಎಂದು ಜಗದೇವಪ್ಪ ಕೇಳಲಿಲ್ಲ. ಅವನೂ ಲಿಂಗ ಕಟ್ಟಿಕೊಂಡವನೇ. "ಬರೋಬರ್ ಮಾಡ್ದಿ" ಎಂದು ಎತ್ತಿದ.

ಹಾಗಾದರೆ ನಿನ್ನ ಅವ್ವ ಇಷ್ಟು ವರ್ಷ ಹೇಗೆ ನಿಭಾಯಿಸಿದಳು? ಎಂಟು ತಿಂಗಳಿನಿಂದ ಮುಟ್ಟದ ಅವಳ ಸವಾರಿಯ ಬಟ್ಟೆಯ ಗಂಟನ್ನು ಅವತ್ತು ಬಿಚ್ಚಿದೆ. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಹೊಲಿದ ಪುಟ್ಟ ಚೀಲ ಸಿಕ್ಕಿತು. ಕರಡಿಗೆಯನ್ನು ಅದರಲ್ಲಿಟ್ಟು ಕಂಕುಳ ಕೆಳಗೆ ದಾರ ಬಿಗಿದರೆ ಅಲುಗುವುದಿಲ್ಲ. ಹಾಗೆ ಕಟ್ಟಿಕೊಂಡೇ ಮೊನ್ನೆ ಯೆಣೆಗೂರಿಗೆ ಹೋಗಿ, ಧಾಬಾದಲ್ಲಿ ಚಹಾ ಕುಡಿದು, ತುಳಿದುಕೊಂಡೇ ತಿರುಗಿ ಬಂದೆ. ದಾರಿಯಲ್ಲಿ ಎರಡು ಸಲ ಇಳಿದೆ. ಮೂರು ಸಲ ಎಂದು ಜಗದೇವಪ್ಪ ಹೇಳಿದರೆ ನಂಬಬೇಡ.

ತಯಾರಿ ಬೇಕಾದಷ್ಟು ಆಗಿದೆ. ಹೆಲ್ಮೆಟ್ಟು, ಗಾದಿ ಹೊಲಿದ ಚಡ್ಡಿ (ನಗಬೇಡ), ವಿಭೂತಿ ಗಟ್ಟಿ, ಶೇಂಗಾ ಹಿಂಡಿ. ಅಲ್ಲಿ ಬೆಳಿಗ್ಗೆ ಐದೂವರೆಗೇ ಹೊರಡುವುದಂತೆ, ಪೂಜೆಗೆಂದು ನಾನು ಇನ್ನೂ ಮೊದಲೇ ಏಳುತ್ತೇನೆ. ಭೀಮಾಶಂಕರನಿಗೆ ಇವತ್ತು ನಿಜ ಹೇಳಿದೆ. ಬಹಳ ಹೊತ್ತು ನಕ್ಕು, "ಮಗಳ ಸಹಿ ತರ್ರಿ ಕಾಕಾ, ಆಕಿ ಹೂಂ ಅಂದ್ರ ನಂದೂ ಹೂಂ" ಎಂದ.

ಬರುವ ರವಿವಾರ ಬಾ. ಅದೇ ಅಂಗಳದಲ್ಲಿ ನಿನ್ನೆದುರು ಹತ್ತು ಸುತ್ತು ಹಾಕುತ್ತೇನೆ. ಒಮ್ಮೆ ಕಾಲು ನೆಲಕ್ಕೆ ಊರಿದರೂ ಫಾರ್ಮು ಹರಿದು ಬಿಸಾಡು, ಒಂದು ಮಾತು ಆಡುವುದಿಲ್ಲ. ಊರದಿದ್ದರೆ ಸಹಿ ಮಾಡು. ಆ ಸಮುದ್ರ ನೋಡಬೇಕೆಂದು ಅವಳು ಎಷ್ಟು ಆಸೆಪಟ್ಟಿದ್ದಳು, ನಿನಗೇ ಗೊತ್ತು.

ಅಕ್ಷರಗಳು ಗೆರೆ ಬಿಟ್ಟು ಇಳಿಯುತ್ತಿವೆಯಲ್ಲ ಎಂದು ನೋಡಿದರೆ, ಹೊರಗೆ ಬೆಳಕೇ ಹೋಗುತ್ತಿದೆ. ಸೈಕಲ್ ಇನ್ನೂ ಬಾಗಿಲಾಚೆ ನಿಂತಿದೆ, ಒಳಗೆ ತರಬೇಕು.

ನಿನ್ನ ಅಪ್ಪ,
ವಿರೂಪಾಕ್ಷ

ತಾ.ಕ.: ಗಂಟಿನಲ್ಲಿ ಇದ್ದದ್ದು ಒಂದಲ್ಲ, ಎರಡು ಚೀಲ. ಅವಳದು ನನ್ನ ಎದೆಗೆ ಸುತ್ತು ಬರುವುದಿಲ್ಲ. ಇನ್ನೊಂದು ಯಾರೂ ಕಟ್ಟಿಕೊಳ್ಳದ ಹೊಸದು, ದಾರ ಉದ್ದ. ಅದನ್ನು ತೋರಿಸಿದಾಗ ಜಗದೇವಪ್ಪ ತಲೆ ತಗ್ಗಿಸಿದ. ಅವಳು ಸೈಕಲ್ ಕಲಿತ ವರ್ಷವೇ ಅವನಿಗೆ ಫೋನು ಮಾಡಿ, ದೇವಣಿಗೆ ತುಳಿದವರು ಯಾರೆಂದು ಕೇಳಿದ್ದಳಂತೆ. ಅವನು ಹೇಳಿಬಿಟ್ಟಿದ್ದ. "ನನಗ ಗೊತ್ತದ ಅಂತ ಹೇಳಬ್ಯಾಡ್ರಿ ಅಣ್ಣಾ, ಅವರೇ ಹೇಳ್ಲಿ" ಎಂದು ಆಣೆ ಹಾಕಿಸಿದ್ದಳಂತೆ. ದಾರ ನನ್ನ ಅಳತೆಗೆ ಸರಿಯಾಗಿದೆ.