ಖಾಲಿ ಚೌಕದ ಸೊನ್ನೆ

ಮಾರ್ಚ್ ೧೪, ಗುರುವಾರ
ಬೆಳಿಗ್ಗೆ, ಮೀನಿನ ತೊಟ್ಟಿಗಳ ಕೋಣೆಯಿಂದ

ಪ್ರೀತಿಯ ಅಕ್ಕ,

ನೀನು, ಭಾವ, ಅಮ್ಮ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ. ಹಾಗಂದುಕೊಳ್ಳದಿದ್ದರೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ನಿನ್ನ ಲಕೋಟೆ ಬಂದು ಇಪ್ಪತ್ತಾರು ದಿನವಾಯಿತು. ಬೈಯಬೇಡ ಎನ್ನುವುದಿಲ್ಲ, ಬೈದುಕೋ. ಫೋನಿನಲ್ಲಿ ನೀನು ಮೂರು ಸಲ ಕೇಳಿದೆ, ಮೂರು ಸಲವೂ ನಾನು "ಕೆಲಸ ಜಾಸ್ತಿ ಕಣಕ್ಕಾ, ಈ ವಾರ ಕಳಿಸ್ತೀನಿ" ಎಂದೆ. ಕೆಲಸ ಇದ್ದದ್ದು ನಿಜ. ಆದರೆ ಒಂದು ಸಹಿ ಹಾಕಲು ಎಷ್ಟು ಹೊತ್ತು ಬೇಕು?

ಠಾಣೆಯ ಆ ಕಾಗದ ನನ್ನ ಮುಂದೆಯೇ ಇದೆ. "ಕಾಣೆಯಾದ ನಮ್ಮ ತಂದೆಯನ್ನು ಈ ಕೆಳಗಿನ ಹತ್ತೊಂಬತ್ತು ಸ್ಥಳಗಳಲ್ಲಿ ಹುಡುಕಿದ್ದೇವೆ, ಪತ್ತೆಯಾಗಿಲ್ಲ, ಹುಡುಕಾಟ ನಿಲ್ಲಿಸಲು ನಮ್ಮ ಒಪ್ಪಿಗೆಯಿದೆ" ಎಂದಿದೆ. ಕೆಳಗೆ ನಿನ್ನ ಸಹಿ, ಅಮ್ಮನ ನಡುಗುವ ಸಹಿ, ಮೂರನೆಯ ಜಾಗ ನನ್ನದು. ಎರಡೂವರೆ ವರ್ಷ ನೀನು ಒಂದೂ ಭಾನುವಾರ ಮನೆಯಲ್ಲಿ ಕೂರಲಿಲ್ಲ. "ಸಾಕು ಮೊಂಡಿ, ನನ್ನ ಕಾಲಲ್ಲಿ ಇನ್ನು ಶಕ್ತಿ ಇಲ್ಲ. ಬಾಗಿಲು ಸದ್ದಾದ್ರೆ ಅಮ್ಮ ಈಗಲೂ ಎದ್ದು ಕೂರ್ತಾಳೆ. ಒಂದು ಗೆರೆ ಎಳೆದುಬಿಡೋಣ" ಎಂದು ಬರೆದಿದ್ದೀಯ. ನೀನು ಹೇಳುವುದರಲ್ಲಿ ತಪ್ಪಿಲ್ಲ. ನನ್ನಿಂದ ಸಹಿ ಹಾಕಲಾಗುತ್ತಿಲ್ಲ. ಯಾಕೆಂದು ಹೇಳಬೇಕಾದರೆ ಮೀನಿನ ಕಥೆಯಿಂದಲೇ ಶುರುಮಾಡಬೇಕು. "ಬಂತಪ್ಪಾ ಇವಳ ಪುರಾಣ" ಎಂದು ಕನ್ನಡಕ ತೆಗೆದಿಡಬೇಡ, ಕೈಮುಗಿಯುತ್ತೇನೆ.

ನಿನ್ನ ಹೊಲಿಗೆ ಅಂಗಡಿಯಲ್ಲಿ ಹುಡುಗಿಯರು ಹರಟುತ್ತಿರುವಾಗ ನೀನು ಬಾಯಿ ತೆರೆಯುವುದೇ ಇಲ್ಲ, ಕತ್ತರಿ ಕೆಳಗಿಟ್ಟು ಒಮ್ಮೆ ನೋಡುತ್ತೀಯ, ಅಷ್ಟಕ್ಕೇ ಸದ್ದು ಅಡಗುತ್ತದೆ. ನಮ್ಮ ಮೈಯ ಜೀನ್‌ಗಳಿಗೂ ಅಂಥ ನೋಟ ಬೀರುವವರು ಇದ್ದಾರೆ. ಮೈಕ್ರೋಆರ್‌ಎನ್‌ಎ ಎನ್ನುತ್ತೇವೆ. ಇಪ್ಪತ್ತೆರಡು ಅಕ್ಷರದಷ್ಟೇ ಉದ್ದದ ತುಣುಕು. ತಾನೇನೂ ಕಟ್ಟುವುದಿಲ್ಲ, ಯಾವ ಜೀನ್ ಎಷ್ಟು ಮಾತಾಡಬೇಕು, ಯಾವಾಗ ಸುಮ್ಮನಾಗಬೇಕು ಎಂದು ನೋಡಿಕೊಳ್ಳುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಇಂದಿನ ಬಹುಪಾಲು ಮೀನುಗಳ ಪೂರ್ವಜರಲ್ಲಿ ಇಡೀ ಜೀನ್ ಗಂಟೇ ಒಮ್ಮೆ ಎರಡು ಪ್ರತಿಯಾಯಿತು. ಆಮೇಲೆ ಹೆಚ್ಚಿನ ಪ್ರತಿಗಳಲ್ಲಿ ಎಷ್ಟೋ ಜೀನ್‌ಗಳು ಉದುರಿಹೋದವು, ಆದರೆ ಈ ತುಣುಕುಗಳನ್ನು ಮೀನುಗಳು ಅಷ್ಟು ಸುಲಭವಾಗಿ ಬಿಟ್ಟುಕೊಡಲಿಲ್ಲ. ಒಮ್ಮೆ ವಂಶಕ್ಕೆ ಬಂದದ್ದು ಹೋಗುವುದು ಅಪರೂಪ. ಆದ್ದರಿಂದಲೇ ಯಾರಾದರೂ "ಈ ಮೀನಿನಲ್ಲಿ ಅದು ಕಳೆದುಹೋಗಿದೆ" ಎಂದರೆ ನಮ್ಮವರೆಲ್ಲ ಕಿವಿ ನಿಮಿರಿಸುತ್ತಾರೆ.

ಹೋದ ವರ್ಷ ಹಾಗೆ ಹೇಳಿದ್ದು ನಾನು. ನಮ್ಮ ತೊಟ್ಟಿಯಲ್ಲಿ ಗವಿಯ ಕತ್ತಲ ನೀರಿನ ಬಿಳಿಚು ಮೀನೊಂದಿದೆ. ಅಪ್ಪ ಒಮ್ಮೆ ಇಲ್ಲಿಗೆ ಬಂದವನು ಗಾಜಿಗೆ ಮೂಗು ಒತ್ತಿ, "ಇದಕ್ಕೆ ನಿನ್ನ ಗುರುತು ಸಿಗುತ್ತೇನೇ?" ಎಂದು ಕೇಳಿದ್ದು ಅದನ್ನು ನೋಡಿಯೇ. ಮೂವತ್ತೊಂದು ಬಗೆಯ ಮೀನುಗಳಲ್ಲಿ ಒಂದು ಮೈಕ್ರೋಆರ್‌ಎನ್‌ಎಯನ್ನು ಹುಡುಕಿದೆವು. ಎಲ್ಲದರಲ್ಲೂ ಇತ್ತು, ಇದರಲ್ಲಿ ಇಲ್ಲ. ಪ್ರಬಂಧ ಅಚ್ಚಾಯಿತು. ಎಲ್ಲೆಲ್ಲಿಂದಲೋ ಕರೆದು ಮಾತಾಡಿಸಿದರು. ನೀನು ಅಂಗಡಿಗೆ ಬಂದವರಿಗೆಲ್ಲ ನನ್ನ ಫೋಟೋ ತೋರಿಸಿದೆಯಂತೆ, ಭಾವ ಹೇಳಿದರು.

ನನ್ನ ಹತ್ತಿರ ಡಾಕ್ಟರೇಟ್ ಮಾಡುತ್ತಿರುವ ಹುಡುಗಿಯೊಬ್ಬಳಿದ್ದಾಳೆ. ಸಣಕಲಿ, ಮಾತು ಚುಚ್ಚು, ಅದಕ್ಕೇ ಗುಂಡುಪಿನ್ನು ಎಂದು ಕರೆಯುತ್ತೇವೆ. ಅವಳ ನಾಲ್ಕು ವರ್ಷದ ಕೆಲಸ ನಿಂತಿರುವುದೂ ಈ "ಇಲ್ಲ"ದ ಮೇಲೆಯೇ. ನಿನ್ನ ಲಕೋಟೆ ಬಂದ ವಾರವೇ ಅವಳು ಪ್ರಬಂಧದಲ್ಲಿದ್ದ ಪಟ್ಟಿ ಹಿಡಿದುಕೊಂಡು ಬಂದಳು.

"ಮೇಡಂ, ಇಲ್ಲಿ ಮೊಟ್ಟೆ, ಮರಿ ಅಂತ ಚೌಕ ಇದೆ. ಈ ಮೀನಿಗೆ ಅದರಲ್ಲಿ ಸೊನ್ನೆ ಹಾಕಿದೆ. ಈ ಮೀನಿನ ಮೊಟ್ಟೆ ಯಾರು ಪರೀಕ್ಷೆ ಮಾಡಿದ್ರು?"

ಯಾರೂ ಮಾಡಿರಲಿಲ್ಲ. ಪಿತ್ತಕೋಶ, ಸ್ನಾಯು, ಮಿದುಳು ಎಲ್ಲ ನೋಡಿದ್ದೆವು. ಮೊಟ್ಟೆಯೊಳಗಿನ ಮರಿಗಳು ಮಾತ್ರ ಶೈತ್ಯಪೆಟ್ಟಿಗೆಯ ಕೆಳಗಿನ ಅರೆಯಲ್ಲಿ ಒಂದು ಡಬ್ಬಿಯಲ್ಲಿ ಹಾಗೇ ಇದ್ದವು. ಆ ಡಬ್ಬಿ ಮುಟ್ಟಲು ನನಗೆ ಕೈ ಬರುತ್ತಿರಲಿಲ್ಲ. ಪ್ರಬಂಧ ಕಳಿಸುವ ದಿನ ಆ ಒಂದು ಚೌಕ ಖಾಲಿ ಕಾಣುತ್ತಿತ್ತು. ಉಳಿದ ಅಂಗಗಳಲ್ಲಿ ಇಲ್ಲದ್ದು ಇಲ್ಲಿ ಎಲ್ಲಿಂದ ಬಂದೀತು ಎಂದು ನಾನೇ ಒಂದು ಸೊನ್ನೆ ಒತ್ತಿದೆ.

ಇದನ್ನು ಹೇಳುವ ಬದಲು ಅವಳ ಕೈಯಿಂದ ಪಟ್ಟಿ ತೆಗೆದುಕೊಂಡು ಮತ್ತೆ ಮೊದಲಿನಿಂದ ಓದತೊಡಗಿದೆ. ಗುಂಡುಪಿನ್ನು ಗಟ್ಟಿಯಾಗೇನೂ ಹೇಳಲಿಲ್ಲ. "ಹುಡುಕಿ ಸಿಗದೆ ಇದ್ದದ್ದೇ ಬೇರೆ, ಹುಡುಕದೆ ಇದ್ದದ್ದೇ ಬೇರೆ ಅಲ್ವಾ ಮೇಡಂ? ಅದನ್ನ ನೀವೇ ಹೇಳ್ಕೊಟ್ಟಿದ್ದು" ಎಂದಳು. ಆಮೇಲೆ ತಾನೇ ಡಬ್ಬಿ ತೆಗೆದಳು.

ಇತ್ತು ಅಕ್ಕ. ಮೂರನೆಯ ದಿನದ ಮರಿಗಳಲ್ಲಿ, ಕಿವಿಯ ಒಳಭಾಗ ರೂಪುಗೊಳ್ಳುವ ಹೊತ್ತಿನಲ್ಲಿ, ಇಪ್ಪತ್ತೆರಡು ಅಕ್ಷರವೂ ಒಂದೂ ಅದಲುಬದಲಾಗದೆ ಇತ್ತು. ಕೋಟ್ಯಂತರ ವರ್ಷ ಬಿಡದೆ ಹಿಡಿದುಕೊಂಡು ಬಂದಿದ್ದನ್ನು ನಾನು ಒಂದು ಬೆರಳಿನಲ್ಲಿ ಇಲ್ಲವಾಗಿಸಿದ್ದೆ.

ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ ಹೇಳಿದೆ. ಬಾಗಿಲು ಹಾಕಿಸಿ ಕೂರಿಸಿದರು. "ಅಲ್ಲಮ್ಮ, ಆ ಮೀನು ಮೊಟ್ಟೆ ಇಟ್ಟಿದ್ದೇ ಒಂದು ಸಲ. ಇನ್ಯಾರು ಹೋಗಿ ನೋಡ್ತಾರೆ? ಮಲಗಿರೋದನ್ನ ಯಾಕೆ ಎಬ್ಬಿಸ್ತೀಯ? ಆ ಹುಡುಗಿ ಗತಿ ಏನು?" ಎಂದರು. ಆ ಕೊನೆಯ ಮಾತನ್ನೇ ನೆಪ ಮಾಡಿಕೊಂಡು ಎದ್ದು ಬಂದೆ. ಹದಿನೈದು ದಿನ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇದ್ದೆ. ಯಾರು ನಕ್ಕರೂ ನನ್ನನ್ನು ನೋಡಿಯೇ ನಕ್ಕರು ಎನಿಸುತ್ತಿತ್ತು. ಮೊನ್ನೆ ಪೈಪು ಸ್ವಚ್ಛ ಮಾಡುತ್ತಿದ್ದವಳು ಅಲ್ಲೇ ಒದ್ದೆ ನೆಲದ ಮೇಲೆ ಕುಸಿದು ಕುಳಿತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ನನಗೆ ಇಷ್ಟು ಭಯ ಯಾವತ್ತೂ ಆಗಿರಲಿಲ್ಲ. ನಾನು ಮುಳುಗುತ್ತಿದ್ದೇನೆ ಅಕ್ಕ, ಹಿಡಿದುಕೊಳ್ಳಲು ಏನೂ ಸಿಗುತ್ತಿಲ್ಲ.

ನಿನ್ನೆ ಪ್ರಬಂಧ ಹಿಂತೆಗೆದುಕೊಳ್ಳಿ ಎಂದು ಪತ್ರಿಕೆಗೆ ಬರೆದು ಕಳಿಸಿದೆ. ಸೊನ್ನೆ ಹಾಕಿದ್ದು ನಾನು, ಹುಡುಗಿಯದೇನೂ ತಪ್ಪಿಲ್ಲ ಎಂದೂ ಬರೆದೆ. ಅವಳು ಇನ್ನೆರಡು ವರ್ಷ ದುಡಿಯಬೇಕು. "ಥ್ಯಾಂಕ್ಸ್ ಅಂತೂ ಹೇಳಲ್ಲ ಮೇಡಂ" ಎಂದು ಬ್ಯಾಗು ಹೆಗಲಿಗೇರಿಸಿ ಹೋದಳು. ಹೇಳಬೇಕಾಗಿಯೂ ಇಲ್ಲ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ, ಉಪ್ಪು ತಿಂದವಳು ನೀರು ಕುಡಿಯಲೇಬೇಕು.

ಅಮ್ಮನಿಗೆ ಇದೇನೂ ಹೇಳಬೇಡ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳಲು ಹೇಳು. ಭಾವನಿಗೆ ನಮಸ್ಕಾರ ತಿಳಿಸು. ದೊಡ್ಡವಳಿಗೂ ಚಿಕ್ಕವನಿಗೂ ಚಿಕ್ಕಮ್ಮನ ಆಶೀರ್ವಾದ. ಇಬ್ಬರೂ ಚೆನ್ನಾಗಿ ಓದಲಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವಷ್ಟು ಧೈರ್ಯ ಅವರಿಗಿರಲಿ.

ನಿನ್ನ
ಮೊಂಡಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಕಾಗದದ ಒಂಬತ್ತನೆಯ ಸಾಲಿನಲ್ಲಿ ನಿನ್ನ ಅಕ್ಷರದಲ್ಲಿ ಹೀಗಿದೆ: "ಹೊಳೆಯಾಚೆಯ ನಿರಾಶ್ರಿತರ ಧಾಮ. ತಂಗಿ ಹೋಗಿ ನೋಡಿದ್ದಾಳೆ, ಇಲ್ಲ."

ನಾನು ಹೋಗಿರಲಿಲ್ಲ ಅಕ್ಕ.

ಅಪ್ಪ ಕಾಣೆಯಾದ ಮರುದಿನ ಬೆಳಿಗ್ಗೆ ನೀನು ಜಾಗಗಳನ್ನು ಹಂಚಿದೆಯಲ್ಲ, ನಾನು ಬಸ್ ನಿಲ್ದಾಣದವರೆಗೂ ಬಂದಿದ್ದೆ. ಆಗ ಇಲ್ಲಿಂದ ಫೋನ್ ಬಂತು. ಹನ್ನೊಂದು ತಿಂಗಳು ಕಾಯಿಸಿದ ಮೀನು ಮೊಟ್ಟೆ ಇಟ್ಟಿತ್ತು. ಮೂರು ದಿನ ಗಂಟೆ ಗಂಟೆಗೆ ತೆಗೆದು ಶೈತ್ಯಕ್ಕೆ ಹಾಕಬೇಕಿತ್ತು, ಮೊದಲ ಎರಡು ಗಂಟೆ ನಾನು ಮಾಡಿ, ಉಳಿದದ್ದನ್ನು ಇಲ್ಲಿಯವರಿಗೆ ಬಿಟ್ಟು ಹೋದರಾಯಿತು ಎಂದುಕೊಂಡೆ. ಕೂತವಳು ಕತ್ತಲಾಗುವವರೆಗೂ ಏಳಲಿಲ್ಲ. ಸಂಜೆ ನೀನು "ಅಲ್ಲಿ ಏನಾಯ್ತೇ?" ಎಂದಾಗ "ನೋಡಿದೆ, ಇಲ್ಲ" ಎಂದುಬಿಟ್ಟೆ. ನಾಳೆ ಹೋಗಿ ಬಂದರೆ ಸುಳ್ಳು ನಿಜವಾಗುತ್ತದೆ ಎಂದುಕೊಂಡೆ. ಮಾರನೆಯ ದಿನ ನೀನು ಆ ಹೆಸರು ಹೊಡೆದುಹಾಕಿ ನನ್ನನ್ನು ಬೇರೆ ಕಡೆ ಕಳಿಸಿದೆ. ಪೊಲೀಸರೂ ನಿನ್ನ ಪಟ್ಟಿಯನ್ನೇ ನಂಬಿದರು. ತಿಂಗಳು ಕಳೆದ ಮೇಲೆ ಹೋಗಲು ಕಾಲು ಬರಲಿಲ್ಲ. "ಹೌದಮ್ಮ, ಇದ್ದರು, ಯಾರೂ ಬರಲಿಲ್ಲ" ಎಂದು ಅಲ್ಲಿಯವರು ಹೇಳಿಬಿಟ್ಟರೆ?

ಇವತ್ತು ಹೋಗುತ್ತಿದ್ದೇನೆ. ಇದನ್ನು ಅಂಚೆಗೆ ಹಾಕಿ ಅಲ್ಲಿಂದಲೇ ಬಸ್ಸು ಹತ್ತುತ್ತೇನೆ. ಹೋಗಿ ಬಂದು ಬರೆಯಬಹುದಿತ್ತಲ್ಲ ಎನ್ನುತ್ತೀಯ. ಅಕ್ಕ, ನನ್ನ ಬುದ್ಧಿ ನನಗೆ ಗೊತ್ತು. ಮೊದಲು ಹೋಗಿ, ಅಂಥವರು ಯಾರೂ ಇಲ್ಲಿಗೆ ಬಂದಿಲ್ಲ ಎಂದು ಅವರು ಹೇಳಿಬಿಟ್ಟಿದ್ದರೆ, ಆ ಕಾಗದಕ್ಕೆ ಸಹಿ ಹಾಕಿ ಕಳಿಸಿ, ನಿನಗೆ ಇದನ್ನು ಯಾವತ್ತೂ ಹೇಳುತ್ತಿರಲಿಲ್ಲ.