ಆರು ಹೊಸ ಟೈರುಗಳ ಸಮಾಚಾರ

ಪೂಜ್ಯ ಮಾವನವರಿಗೆ,

ಕೆ.ಆರ್. ಪುರದ ಟೈರ್ ಅಂಗಡಿಯ ಬೆಂಚಿನಿಂದ ನಿಮ್ಮ ಅಳಿಯನ ನಮಸ್ಕಾರ.

ಲಾರಿ ಮಾರಿ, ವಿಮಾನಪುರದಲ್ಲಿ ನೀವು ಗೊತ್ತುಮಾಡಿದ ಗೋದಾಮಿನ ಕೆಲಸಕ್ಕೆ ಸೇರುತ್ತೇನೆಂದು ಮಾತು ಕೊಟ್ಟಿದ್ದೆ. ಮಾರುವುದಕ್ಕೇ ಹೊರಟೆ. ದಲ್ಲಾಳಿ ಟೈರಿನ ಮೇಲೆ ಕೈಯಾಡಿಸಿ, "ಈ ಬೋಳುತಲೇನ ಯಾರ್ ತಗೋತಾರೆ ಗುರು? ಹೊಸದು ಹಾಕ್ಸು, ಆಮೇಲೆ ಗಿರಾಕಿ ತರ್ತೀನಿ" ಎಂದ. ಟೈರಿಗೆ ಹೇಳಿದ್ದು, ತಪ್ಪು ತಿಳಿಯಬೇಡಿ.

ಹಾಕಿಸಿದೆ. ಆರಕ್ಕೆ ಒಂದು ಲಕ್ಷದ ಮೂವತ್ತು ಸಾವಿರ. ಬಿಚ್ಚಿ ಕೂರಿಸಿದ ಕೂಲಿಗೆ ಅಂಗಡಿಯವರು ಹಳೆಯ ಟೈರುಗಳನ್ನೇ ಇಟ್ಟುಕೊಂಡರು. ಲಾರಿಯ ಮೇಲೆಯೇ ಸಾಲ ಸಿಕ್ಕಿತು. ನಾನು ಸಹಿ ಹಾಕಿದ ಮೇಲೆ ಫೈನಾನ್ಸಿನವನು ವಿನಯದಿಂದ ತಿಳಿಸಿದ: ಕಂತು ಮುಗಿಯುವ ತನಕ ಲಾರಿ ಮಾರುವಂತಿಲ್ಲ. ಕಂತು ಕಟ್ಟಬೇಕಾದರೆ ಲಾರಿ ಓಡಿಸಬೇಕು.

"ಕಂತು ಮುಗಿಯೋ ಹೊತ್ತಿಗೆ ಟೈರೂ ಸವೆದಿರುತ್ತಲ್ರೀ?" ಎಂದು ನಿಮ್ಮ ಮಗಳು ಫೋನಿನಲ್ಲಿ ಕೇಳಿದಳು. ಸಿಗ್ನಲ್ ಸಿಗುತ್ತಿಲ್ಲ ಎಂದೆ.

ಭಾನುವಾರ ಪೂಜೆಗೆ ಬಂದು, ಟೈರಿನಡಿ ನಿಂಬೆಹಣ್ಣನ್ನು ನಿಮ್ಮ ಕೈಯಿಂದಲೇ ಇಡಿ. ಹಾಗೆಯೇ, ಬೋಳು ಟೈರಿನ ಲಾರಿ ಕೊಳ್ಳುವ ಪುಣ್ಯಾತ್ಮನೊಬ್ಬನನ್ನು ದಯವಿಟ್ಟು ಈಗಿನಿಂದಲೇ ಹುಡುಕುತ್ತಿರಿ.

ಸದ್ಯಕ್ಕೆ ಲಾರಿಯವನೇ ಆಗಿರುವ,
ಸಿದ್ಧಲಿಂಗೇಶ