ಮೊಮ್ಮಗಳ ಹಣೆಯ ಶಿಲುಬೆ

ಮಾರ್ಜರಿ,

ನೀನು ತೀರಿಕೊಂಡು ಆರು ವರ್ಷವಾಯಿತು. ಓದುವವರಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಭಾನುವಾರ ನಮ್ಮ ಹೆಸ್ಟರಳ ಮಗುವಿಗೆ ದೀಕ್ಷಾಸ್ನಾನವಾಯಿತು. ಮಾಡಿಸಿದವನು ಅಳಿಯ ಜೋಸಾಯಸ್. ಈಗ ಅವನೇ ನಮ್ಮೂರ ಪಾದ್ರಿ. ನೀರು ಚಿಮುಕಿಸಿದ, ಹಣೆಯ ಮೇಲೆ ಶಿಲುಬೆ ಮಾತ್ರ ಬರೆಯಲಿಲ್ಲ. ಬರೆಯಲೇಬೇಕೆಂದು ರಾಜರ ಕಟ್ಟಳೆ; ಬೈಬಲಿನಲ್ಲಿ ಇಲ್ಲದ್ದನ್ನು ರಾಜ ಹೇಳಿದರೂ ಮಾಡೆನೆಂದು ಅವನ ಹಟ.

ಚರ್ಚಿನ ಮೇಲ್ವಿಚಾರಕ ನಾನಲ್ಲವೇ, ಇವತ್ತು ಬಿಷಪ್ಪರ ಗುಮಾಸ್ತ ನನ್ನನ್ನೇ ಹುಡುಕಿಕೊಂಡು ಬಂದ.

"ಶಿಲುಬೆ ಬರೆದ್ರೇನ್ರೀ ನಿಮ್ಮಳಿಯ?"

"ನಂಗೆ ಕಣ್ಣು ಮಂಜು, ಸ್ವಾಮಿ."

"ಮೊನ್ನೆ ಸಂತೇಲಿ ಕುರಿ ಹಲ್ಲು ಎಣಿಸ್ತಿದ್ರಲ್ಲ, ಆಗಿರ್ಲಿಲ್ವಾ ಮಂಜು? ಚರ್ಚಿಗೆ ಯಜಮಾನ್ರು ರಾಜರು, ನಿಮ್ಮಳಿಯ ಅಲ್ಲ."

ಗುರುವಾರ ಬಿಷಪ್ಪರ ನ್ಯಾಯಸ್ಥಾನದಲ್ಲಿ ಬೈಬಲ್ ಮುಟ್ಟಿ ಹೇಳಬೇಕಂತೆ. ಕಾಲೇಜಿನಲ್ಲಿ ಕಲಿತ ಲ್ಯಾಟಿನ್ ಅರ್ಧ ಮರೆತುಹೋಗಿ, ಅವನು ಕೊಟ್ಟುಹೋದ ಲ್ಯಾಟಿನ್ ಕರೆಪತ್ರವೂ ಪೂರ್ತಿ ತಿಳಿಯುತ್ತಿಲ್ಲ. ನಿಜ ಹೇಳಿದರೆ ಅಳಿಯನ ಕೆಲಸ ಹೋಗಿ ಬಾಣಂತಿ ಚರ್ಚು ಕೊಟ್ಟ ಮನೆ ಬಿಡಬೇಕು. ಸುಳ್ಳಾಡಿದರೆ ದೇವರ ಮುಂದೆ ಆಣೆ ಮುರಿದಂತೆ.

ಹೆಸ್ಟರ್ ಅಂದಳು: "ಅಪ್ಪಾ, ಸುಳ್ಳು ನಿನ್ ಕೈಲಾಗಲ್ಲ ಬಿಡು. ಅಮ್ಮಂಗೆ ಒಂದಿನಾನೂ ಸುಳ್ಳು ಹೇಳ್ದೋನಲ್ಲ ನೀನು."

ಅವಳ ದೀಕ್ಷಾಸ್ನಾನದ ದಿನ, ಶಿಲುಬೆ ಬೇಡವೆಂದು ಆಗಿನ ಪಾದ್ರಿಗೆ ಹೇಳಿ ಅಂತ ನೀನು ಹೆರಿಗೆಯ ಹಾಸಿಗೆಯಿಂದಲೇ ಬೇಡಿಕೊಂಡಿದ್ದೆ. "ಹೇಳಿದೆ, ಅವರೂ ಬರೆಯಲಿಲ್ಲ" ಎಂದು ನಾನು ಬಂದು ನಿನಗೆ ತಿಳಿಸಿದ್ದೆ. ಮಾರ್ಜರಿ, ನಾನು ಬಾಯೇ ಬಿಟ್ಟಿರಲಿಲ್ಲ. ಅವರು ಬರೆದರು.